ರೈಟ್ ಅನ್ನುವ ತನಕ

ಆ ಹುಡುಗಿಯನ್ನು ಶಾಲೆಯವರು ಮೊದಲ ಸಲ ಕಣ್ಣರಳಿಸಿ ನೋಡಿದ್ದು ಒಂದು ಕಬ್ಬಿಣದ ಬೀರುವಿನ ದೆಸೆಯಿಂದ.

ಅಧ್ಯಾಪಕರ ಕೋಣೆಯ ಮೂಲೆಯಲ್ಲಿ ನಿಂತಿದ್ದ ಆ ಬೀರುವಿನ ಹೊಟ್ಟೆಯಲ್ಲಿ ಹಳೆಯ ಉತ್ತರಪತ್ರಿಕೆಗಳು, ಸುರುಳಿ ಸುತ್ತಿದ ಭೂಪಟಗಳು, ಯಾವ ಕಾಲದ್ದೋ ತಕ್ಕಡಿ ಎಲ್ಲವೂ ತುಂಬಿದ್ದವು. ವ್ಯಾಕರಣದ ಮೇಷ್ಟರು ಅದರ ಮೇಲೆ ಇಟ್ಟಿದ್ದ ಕನ್ನಡಕ ಒಂದು ದಿನ ಜಾರಿ ಹಿಂಬದಿಗೆ ಬಿತ್ತು. ಜವಾನ ಉದ್ದನೆಯ ಅಳತೆಕೋಲು ತಂದು ಕೆದಕಿದ. ಈಚೆಗೆ ಬರಬೇಕಾದ ಕನ್ನಡಕ ಇನ್ನಷ್ಟು ಆಚೆಗೆ ಹೋಗಿ ಬೀರುವಿನ ಅಡಿ ಸೇರಿಕೊಂಡಿತು. ಮೇಷ್ಟರು ತಲೆಯ ಮೇಲೆ ಕೈಹೊತ್ತು ಕುಳಿತರು. ಆಗ ಏಳನೆಯ ತರಗತಿಯ ಪುಸ್ತಕಗಳ ಕಟ್ಟನ್ನು ಒಪ್ಪಿಸಲು ಬಂದಿದ್ದ ಹುಡುಗಿ ಬಾಗಿಲಲ್ಲೇ ನಿಂತು ಕೇಳಿದಳು.

"ಸಾರ್, ನಾನು ಎತ್ತಲಾ?"

"ಏನನ್ನ? ಕನ್ನಡಕಾನಾ?"

"ಇಲ್ಲ ಸಾರ್, ಬೀರುನ."

ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೆನ್ನು ನೆಟ್ಟಗೆ ಮಾಡಿ, ತಳದಂಚಿಗೆ ಬೆರಳು ತೂರಿಸಿ, ಒಮ್ಮೆ ಉಸಿರೆಳೆದುಕೊಂಡಳು. ಬೀರುವಿನ ಒಂದು ಮಗ್ಗುಲು ನೆಲ ಬಿಟ್ಟಿತು. ಜವಾನ ಬಾಯಿ ಬಿಟ್ಟುಕೊಂಡು ನಿಂತೇ ಇದ್ದ.

"ಅಣ್ಣಾ, ಆಮೇಲೆ ಆಶ್ಚರ್ಯ ಪಡಿ. ಮೊದಲು ಕನ್ನಡಕ ತಗೊಳ್ಳಿ" ಎಂದಳು ಹುಡುಗಿ.

ಎತ್ತಿದ್ದಕ್ಕಿಂತ ಹೆಚ್ಚಾಗಿ ಅವಳು ಅದನ್ನು ಇಳಿಸಿದ ಬಗೆ ಅಲ್ಲಿದ್ದವರ ಮನಸ್ಸಿನಲ್ಲಿ ಉಳಿಯಿತು. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವವರ ಹಾಗೆ, ಸದ್ದೇ ಆಗದಂತೆ ಇಳಿಸಿದಳು. ಟೀ ಕುಡಿಯಲು ಬಂದಿದ್ದ ಡ್ರಿಲ್ ಮೇಷ್ಟರು ಲೋಟವನ್ನು ಕೆಳಗಿಟ್ಟರು.

"ಯಾರ ಮಗಳೇ ನೀನು?"

"ಟೈರ್ ಅಂಗಡಿಯವರ ಮಗಳು ಸಾರ್."

"ಅಂಗಡೀಲಿ ಜಾಕ್ ಇಲ್ವೇನು?"

"ಇದೆ ಸಾರ್. ಅಪ್ಪ ಅದನ್ನ ಹುಡುಕೋ ಅಷ್ಟರಲ್ಲಿ ನಾನೇ ಎತ್ತಿ ಹಿಡಿದಿರ್ತೀನಿ."

ಅಂದಿನಿಂದ ಅವಳ ಹೆಸರು ಹಾಜರಿ ಕರೆಯುವಾಗ ಮಾತ್ರ ಉಳಿಯಿತು. ಉಳಿದ ಹೊತ್ತಿನಲ್ಲೆಲ್ಲ ಅವಳು ಜಾಕಮ್ಮ.

ಡ್ರಿಲ್ ಮೇಷ್ಟರು ಅವಳನ್ನು ಕ್ರೀಡಾಂಗಣದ ಹಿಂದಿನ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದರು. ಅದು ಭಾರ ಎತ್ತುವವರು ತಾಲೀಮು ಮಾಡುವ ಜಾಗ. ಅಲ್ಲಿಯ ಕೋಚ್ ಒಣಕಲು ದೇಹದ ಮನುಷ್ಯ. 'ನಮ್ಮ ಸಾರ್‌ಗೆ ಒಂದು ತುಂಬಿದ ಕೊಡ ಎತ್ತೋಕಾಗಲ್ಲ' ಎಂದು ಹುಡುಗಿಯರು ಅವರ ಬೆನ್ನ ಹಿಂದೆ ಕಿಸಿಕಿಸಿ ನಗುತ್ತಿದ್ದರು. ಆದರೆ ಎತ್ತುವವರ ಮೊಣಕಾಲು ಒಂದು ಕೂದಲೆಳೆಯಷ್ಟು ಒಳಕ್ಕೆ ವಾಲಿದರೂ ಆ ಕಣ್ಣಿಗೆ ಬೀಳುತ್ತಿತ್ತು. ಜಾಕಮ್ಮನನ್ನು ನೋಡಿ ಅವರು ಹೇಳಿದ್ದು ಇಷ್ಟೇ: "ಎತ್ತೋದು ನಿನಗೆ ಬರುತ್ತೆ. ಇನ್ನು ಕಾಯೋದು ಕಲಿ."

ಆ ಆಟದ ಮುಖ್ಯ ನಿಯಮವೇ ಅದು. ಎರಡೂ ತುದಿಗೆ ಭಾರದ ಬಿಲ್ಲೆ ಸಿಕ್ಕಿಸಿದ ಕಬ್ಬಿಣದ ಸಲಾಕೆಯನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟರೆ ಮುಗಿಯಲಿಲ್ಲ. ತೋಳು ನೆಟ್ಟಗಿರಬೇಕು, ಪಾದ ಒಂದೇ ಸಾಲಿನಲ್ಲಿರಬೇಕು, ಮೈ ಅಲುಗದೆ ನಿಲ್ಲಬೇಕು. ಎದುರಿಗೆ ಕುಳಿತ ತೀರ್ಪುಗಾರರು ಅದನ್ನು ಕಂಡು ಕೈ ಕೆಳಗೆ ಮಾಡಿ, ಇಳಿಸು ಎಂದು ಸಂಜ್ಞೆ ಕೊಟ್ಟ ಮೇಲೆಯೇ ಇಳಿಸಬೇಕು. ಸರಿಯಾಗಿದ್ದರೆ ಬಿಳಿಯ ದೀಪ, ತಪ್ಪಿದರೆ ಕೆಂಪು ದೀಪ. ಸಂಜ್ಞೆಗೆ ಮುಂಚೆ ಇಳಿಸಿದವರು ಬೆಟ್ಟವನ್ನೇ ಎತ್ತಿದ್ದರೂ ಅದು ಲೆಕ್ಕಕ್ಕಿಲ್ಲ.

ಜಾಕಮ್ಮ ಕಾಯುವುದನ್ನು ಕಲಿತಳು. ಆ ಶೆಡ್ಡಿನಲ್ಲಿಯೇ ಅವಳು ದೊಡ್ಡವಳಾದಳು. ಅಂಗೈಯಲ್ಲಿ ಜಡ್ಡು ಕಟ್ಟಿತು, ಕೊರಳ ಕೆಳಗೆ ಸಲಾಕೆ ಕೂರುವ ಜಾಗದಲ್ಲಿ ಕಂದು ಗುರುತು ಬಿತ್ತು. ಜೊತೆಯವರು ಮದುವೆಯಾದರು, ಮಕ್ಕಳಾದವು; ಇವಳು ಮಾತ್ರ ಇನ್ನೂ ಊಟದ ತಟ್ಟೆಯನ್ನು ತೂಗಿ ಉಣ್ಣುತ್ತಿದ್ದಳು. ನಾಲ್ಕು ವರ್ಷಕ್ಕೊಮ್ಮೆ ಬರುವ ದೊಡ್ಡ ಕೂಟಕ್ಕೆ, ಲೋಕದ ದೇಶಗಳೆಲ್ಲ ಸೇರುವ ಆ ಕೂಟಕ್ಕೆ, ಅವಳು ಎರಡು ಸಲ ಹೋದಳು. ಮೊದಲ ಸಲ ಹಿಂದಿನ ಸಾಲಿನಲ್ಲಿ ಉಳಿದಳು. ಎರಡನೆಯ ಸಲ ಪದಕ ಅವಳ ಅಂಗೈಯವರೆಗೂ ಬಂದಿತ್ತು.

ಅದು ಅವಳ ಕೊನೆಯ ಯತ್ನ. ಸಲಾಕೆ ತಲೆಯ ಮೇಲೆ ನಿಂತಿತು. ಅಷ್ಟು ಭಾರವನ್ನು ಅವಳು ಅಭ್ಯಾಸದಲ್ಲಿ ಕೂಡ ಎಂದೂ ಎತ್ತಿರಲಿಲ್ಲ. ತೋಳು ಕಂಬದ ಹಾಗಿತ್ತು, ಪಾದ ಸಾಲಿಗೆ ಬಂತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಕೋಚ್ ಸಾರ್ ಇಡೀ ಬಾಳಿನಲ್ಲಿ ಒಂದೇ ಒಂದು ಸಲ ಮೈಮರೆತದ್ದು ಆಗ. ಎರಡೂ ಕೈ ಮೇಲೆತ್ತಿ, ಕುಣಿದು, ಕೈಗಳನ್ನು ಕೆಳಕ್ಕೆ ಬೀಸಿಬಿಟ್ಟರು. ಅವಳ ಕಣ್ಣಂಚಿಗೆ ಕಂಡದ್ದು ಕೆಳಕ್ಕೆ ಬಂದ ಒಂದು ಕೈ ಅಷ್ಟೇ. ಅದನ್ನೇ ತೀರ್ಪುಗಾರರ ಸಂಜ್ಞೆಯೆಂದು ಬಗೆದು ಸಲಾಕೆಯನ್ನು ಬಿಟ್ಟಳು. ತೀರ್ಪುಗಾರರ ಕೈ ಇನ್ನೂ ಮೇಲೆಯೇ ಇತ್ತು. ರೆಪ್ಪೆ ಬಡಿಯುವಷ್ಟು ಹೊತ್ತಿನ ತಪ್ಪು. ಕೆಂಪು ದೀಪ ಹತ್ತಿತು.

ಏಕೆ ಬಿಟ್ಟೆ ಎಂದು ಎಲ್ಲರೂ ಕೇಳಿದರು. ಸಂತೋಷ ತಡೆಯಲಾಗಲಿಲ್ಲ ಎಂದುಬಿಟ್ಟಳು. ತಾನು ಕಂಡ ಕೈ ಯಾರದೆಂದು ಯಾರಿಗೂ ಹೇಳಲಿಲ್ಲ, ಕೋಚ್ ಸಾರ್‌ಗಂತೂ ಸುತರಾಂ ಹೇಳಲಿಲ್ಲ.

ಮನೆಗೆ ಬಂದ ದಿನ ಅಪ್ಪ ಕೇಳಿದ್ದು ಒಂದೇ ಮಾತು: "ಕೈಗೆ ಪೆಟ್ಟೇನೂ ಆಗಲಿಲ್ಲ ತಾನೆ?" ಅಣ್ಣ ಏನೂ ಕೇಳದೆ ಅವಳ ಚೀಲವನ್ನು ಒಳಗೆ ಇಟ್ಟ. ಅತ್ತಿಗೆ ಮಾತ್ರ ಎಂದಿನ ಹಾಗೆಯೇ ಇದ್ದಳು. ಅತ್ತಿಗೆಯ ನಾಲಿಗೆ ಸ್ವಲ್ಪ ಉದ್ದ; ಆದರೆ ಆ ಮನೆಯಲ್ಲಿ ಯಾರ ಕಣ್ಣು ಕೆಂಪಾದರೂ ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ.

ಮೊದಮೊದಲು ಜನ ಬಂದರು, ಸಮಾಧಾನ ಹೇಳಿದರು. ಆಮೇಲೆ ಬರುವವರು ಕಡಿಮೆಯಾದರು. ದಿನ ಬೆಳಗಾದರೆ ಏನು ಮಾಡಬೇಕೆಂದು ಜಾಕಮ್ಮನಿಗೆ ತಿಳಿಯದಾಯಿತು. ಅಷ್ಟು ವರ್ಷ ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಬೇರೆಯವರೇ ನಿರ್ಧರಿಸಿದ್ದರು. ಈಗ ಇಡೀ ದಿನ ಅವಳದೇ. ಅದನ್ನು ಎಲ್ಲಿ ಹಿಡಿದು ಎತ್ತಬೇಕೋ ಕಾಣಲಿಲ್ಲ. ನಸುಕಿನಲ್ಲಿ ಎಚ್ಚರವಾಗುತ್ತಿತ್ತು. ಎದ್ದವಳೇ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ಮುಳ್ಳು ಏನು ತೋರಿಸಿದರೂ ಕೇಳುವವರಿರಲಿಲ್ಲ. ಮತ್ತೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಒಂದು ದಿನ ತೂಕದ ಯಂತ್ರ ಕಾಣಿಸಲಿಲ್ಲ.

"ಅತ್ತಿಗೇ, ನನ್ನ ಯಂತ್ರ ಎಲ್ಲಿ?"

"ರಜದ ಮೇಲೆ ಹೋಗಿದೆ. ಅದಕ್ಕೂ ಸಾಕಾಗಿರಲ್ವಾ, ದಿನಾ ನಿನ್ನ ಹೊತ್ತು ಹೊತ್ತು?" ಅತ್ತಿಗೆ ಒಲೆಯ ಮುಂದಿನಿಂದ ತಲೆಯನ್ನೂ ತಿರುಗಿಸಲಿಲ್ಲ. "ಬಂದು ಈ ಗ್ಯಾಸ್ ಸಿಲಿಂಡರ್ ಒಳಗಿಡು. ಆಮೇಲೆ ಫ್ರಿಜ್ ಸರಿಸು, ಅದರ ಹಿಂದೆ ಇಲಿ ಸಂಸಾರ ಹೂಡಿದೆ. ಆಮೇಲೆ ಈ ಡಬ್ಬಿ ಮುಚ್ಚಳ ತೆಗಿ. ಬೇರೆ ಮನೆಯವರು ಕ್ರೇನು ಬಾಡಿಗೆಗೆ ತರ್ತಾರೆ. ನನಗೆ ಪುಣ್ಯಕ್ಕೆ ನಾದಿನಿ ಇದ್ದಾಳೆ."

ಜಾಕಮ್ಮ ಸಿಲಿಂಡರ್ ಎತ್ತಿಟ್ಟಳು, ಫ್ರಿಜ್ ಸರಿಸಿದಳು, ಮುಚ್ಚಳ ತೆಗೆದಳು. ತೆಗೆದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟಳು. ಅತ್ತಿಗೆ ಒಲೆಯ ಉರಿ ಸಣ್ಣ ಮಾಡಿ ಬಂದು ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಆಗ ಮಾತ್ರ ಅವಳ ನಾಲಿಗೆ ಸುಮ್ಮನಿತ್ತು.

ದಾರಿ ತೋರಿಸಿದ್ದು ಆ ಅತ್ತಿಗೆಯೇ. ಹಿಂದೆ ಜಾಕಮ್ಮನ ಮಣಿಕಟ್ಟು ಉಳುಕಿದಾಗ ಚಿಕಿತ್ಸೆ ಕೊಟ್ಟಿದ್ದ ಹೆಂಗಸೊಬ್ಬರು ದೊಡ್ಡಾಸ್ಪತ್ರೆಯಲ್ಲಿದ್ದರು. ಕಾಲು ಮುರಿದವರಿಗೆ, ಲಕ್ವ ಹೊಡೆದವರಿಗೆ ಮತ್ತೆ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸುವ ಕೋಣೆಗೆ ಅವರೇ ಮುಖ್ಯಸ್ಥೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಅತ್ತಿಗೆ ನಾದಿನಿಯನ್ನು ಅಕ್ಷರಶಃ ಕೈಹಿಡಿದು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು. ಮೇಡಂ ಮೇಲಿನಿಂದ ಕೆಳಗಿನವರೆಗೆ ನೋಡಿ, "ಸಹಾಯಕಿಯಾಗಿ ಸೇರಿಕೋ. ಪಕ್ಕದ ಕಾಲೇಜಿನಲ್ಲಿ ಸಂಜೆ ಪಾಠ ಇದೆ, ಅದನ್ನೂ ಕಲಿ. ಕೈಗೆ ಕೆಲಸ ಹತ್ತಿದರೆ ಇಟ್ಟುಕೊಳ್ತೀನಿ. ಹತ್ತದಿದ್ದರೆ ಮುಖ ನೋಡಿ ಇಟ್ಟುಕೊಳ್ಳೋಳಲ್ಲ ನಾನು" ಎಂದರು.

ಆ ಕೋಣೆಯ ಉದ್ದಕ್ಕೂ ಹಿಡಿದು ನಡೆಯಲು ಎರಡು ಕಂಬಿಗಳು, ಎದುರಿಗೆ ಆಳುದ್ದದ ಕನ್ನಡಿ, ಮೂಲೆಯಲ್ಲಿ ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು, ಗೋಡೆಯ ಪಕ್ಕ ಸಾಲು ಕುರ್ಚಿಗಳು. ಮುಲಾಮಿನ ವಾಸನೆ. ಜಾಕಮ್ಮನಿಗೆ ಜಾಗ ಹಿಡಿಸಿತು. ಶೆಡ್ಡಿನ ಹಾಗೆಯೇ ಇಲ್ಲಿಯೂ ಜನ ಹಲ್ಲು ಕಚ್ಚಿಕೊಂಡು ಬೆವರುತ್ತಿದ್ದರು. ರೋಗಿಗಳಿಗೂ ಅವಳು ಬಹಳ ಬೇಗ ಹಿಡಿಸಿದಳು. ಇಬ್ಬರು ಆಳುಗಳು ಏದುಸಿರು ಬಿಡುತ್ತಾ ಎತ್ತುತ್ತಿದ್ದವರನ್ನು ಇವಳೊಬ್ಬಳೇ ಹೂವಿನ ಹಾಗೆ ಎತ್ತಿ ನಿಲ್ಲಿಸುತ್ತಿದ್ದಳು, ನೋವಾಗದ ಹಾಗೆ ಇಳಿಸುತ್ತಿದ್ದಳು. 'ಆ ಅಕ್ಕನೇ ಬೇಕು' ಎಂದು ಜನ ಸರದಿ ಬಿಟ್ಟು ಕಾಯತೊಡಗಿದರು.

ಅವರಲ್ಲೆಲ್ಲ ದೊಡ್ಡ ಗಂಟಲಿನವರು ಒಬ್ಬ ನಿವೃತ್ತ ಬಸ್ ಡ್ರೈವರು. ಮಳೆಯಲ್ಲಿ ಮೆಟ್ಟಿಲು ಜಾರಿ ತೊಡೆಯ ಮೂಳೆ ಮುರಿದಿತ್ತು, ಒಳಗೆ ಸರಳು ಹಾಕಿದ್ದರು. ಮೂಳೆ ಕೂಡಿ ಗಟ್ಟಿಯಾಗಿದೆ, ಇನ್ನು ಧಾರಾಳವಾಗಿ ಭಾರ ಬಿಡಬಹುದು ಎಂದು ವೈದ್ಯರು ಹೇಳಿಯಾಗಿತ್ತು. ಆದರೆ ಮೂಳೆಗೆ ಹಿಡಿದ ಅಂಟು ಧೈರ್ಯಕ್ಕೆ ಹಿಡಿದಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಅವರು ಕೋಣೆಯ ತುಂಬ ಗದ್ದಲ ಮಾಡುತ್ತಿದ್ದರು.

"ಬಾರಮ್ಮ ಕಂಡಕ್ಟ್ರಮ್ಮ! ಗಾಡಿ ಸ್ಟಾಂಡ್ ಬಿಟ್ಟು ಹೊರಡಲಿ. ರೈಟ್ ಅನ್ನು!"

"ರೈಟ್ ಅಜ್ಜಾ" ಎಂದು ಅವಳು ಕಂಕುಳಿಗೆ ಕೈಕೊಟ್ಟು ಒಂದೇ ಉಸಿರಿಗೆ ಎತ್ತಿ ನಿಲ್ಲಿಸುತ್ತಿದ್ದಳು.

"ನೋಡ್ರಪ್ಪಾ, ಪಿಕಪ್ಪು ಅಂದ್ರೆ ಇದು!" ಎಂದು ಡ್ರೈವರಜ್ಜ ಸುತ್ತಲಿನವರಿಗೆ ಸಾರುತ್ತಿದ್ದರು.

ಅವಳಿಗೆ ಎಷ್ಟೋ ತಿಂಗಳ ಮೇಲೆ ರಾತ್ರಿ ನಿದ್ದೆ ಬರತೊಡಗಿತು. ತೂಕದ ಯಂತ್ರ ರಜ ಮುಗಿಸಿ ಮಂಚದ ಕೆಳಗಿನಿಂದ ಹೊರಗೆ ಬಂತು; ಅವಳು ಅದರತ್ತ ನೋಡಲೇ ಇಲ್ಲ.

ಡ್ರೈವರಜ್ಜನನ್ನು ಎರಡು ದಿನದ ಮಟ್ಟಿಗೆ ಮನೆಗೆ ಕಳಿಸಿದರು. ತಿರುಗಿ ಕರೆತಂದ ಮಗಳ ಮುಖ ಕೆಂಡದಂತಿತ್ತು.

"ಇಲ್ಲಿ ಎದ್ದು ನಿಲ್ತಾರೆ, ನಡೀತಾರೆ ಅಂತ ಹೇಳಿದ್ರಿ" ಎಂದಳು ಅವಳು ಮೇಡಂ ಮುಂದೆ. "ಮನೇಲಿ ಕೂರಿಸಿದ ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಅಂಗಡಿಗೆ ಹೋಗಿ ಬರೋ ಅಷ್ಟರಲ್ಲಿ..." ಅವಳು ದನಿ ತಗ್ಗಿಸಿದಳು. "ಬಚ್ಚಲಿಗೆ ಹೋಗೋಕೂ ಆಗದೆ ಕೂತಲ್ಲೇ... ಅಪ್ಪ ಅವತ್ತು ಊಟ ಮಾಡಲಿಲ್ಲ. ಎಬ್ಬಿಸೋಕೆ ನಿಮ್ಮ ಹುಡುಗಿ ಬೇಕು ಅಂದ್ರೆ ಅವಳನ್ನೂ ಮನೆಗೆ ಕಳಿಸಿಕೊಡಿ."

ಡ್ರೈವರಜ್ಜ ಅಂದು 'ರೈಟ್ ಅನ್ನು' ಎನ್ನಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ತೊಡೆಯ ಮೇಲಿನ ಹೊದಿಕೆಯ ನೂಲನ್ನು ಎಳೆಯುತ್ತ ಕುಳಿತಿದ್ದರು.

ಮೇಡಂ ಜಾಕಮ್ಮನನ್ನು ಕಿಟಕಿಯ ಬಳಿ ಕರೆದರು.

"ನೀನು ಬಂದ ಮೇಲೆ ಎಷ್ಟು ಜನರನ್ನ ನಿಲ್ಲಿಸಿದ್ದೀಯ ಹೇಳು."

"ಎಲ್ಲರನ್ನೂ ನಿಲ್ಲಿಸಿದ್ದೀನಿ ಮೇಡಂ."

"ಅವರಲ್ಲಿ ತಾವಾಗಿ ಎದ್ದವರು ಯಾರು?"

ಜಾಕಮ್ಮ ಡ್ರೈವರಜ್ಜನ ಕಡೆ ತಿರುಗಿ ನೋಡಿದಳು.

"ಭಾರ ಅಂದ್ರೆ ಎತ್ತೋದು ಅಂತ ನಿನ್ನ ಕೈ ಕಲಿತುಬಿಟ್ಟಿದೆ. ಆ ಮುದುಕರಿಗೆ ಕಾಲಿದೆ ಕಣೆ. ಅದನ್ನ ನೀನು ಮರೆತೆ, ಅವರೂ ಮರೆತರು. ಇನ್ನೊಂದು ಸಲ ಏಳಬಲ್ಲವರನ್ನ ನೀನು ಎತ್ತಿದ್ದು ಕಂಡರೆ ಸ್ಟ್ರೆಚರ್ ತಳ್ಳೋಕೆ ಹಾಕಿಸ್ತೀನಿ. ಅಲ್ಲಿ ಎತ್ತಿದಷ್ಟೂ ಪುಣ್ಯ."

ಬೈಗುಳವನ್ನು ಅವಳು ತಿಂದು ಬೆಳೆದವಳೇ. ಆದರೆ ಕೂತಲ್ಲೇ ಕೂತಿದ್ದ ಆ ಮುದುಕರ ಚಿತ್ರ ಮಗ್ಗುಲ ಮುಳ್ಳಿನಂತೆ ಚುಚ್ಚಿತು. ಮರುದಿನದಿಂದ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದಳು. ರೋಗಿಯ ಮಂಡಿ ಒಂದಿಷ್ಟು ನಡುಗಿದರೆ ಸಾಕು, ಅವಳನ್ನು ಕೇಳದೆಯೇ ಕೈ ಮುಂದಕ್ಕೆ ಹೋಗಿಬಿಡುತ್ತಿತ್ತು. ಡ್ರೈವರಜ್ಜನಂತೂ ಏಳುವ ಮಾತೆತ್ತಿದರೆ ಗೋಡೆ ನೋಡುತ್ತಿದ್ದರು. ತಾನೂ ಒಂದು ಕಾಲಕ್ಕೆ ಹಾಗೆಯೇ ಗೋಡೆ ನೋಡಿದ್ದು ಅವಳಿಗೆ ನೆನಪಾಗುತ್ತಿತ್ತು.

ಸರಿಯಾಗಿ ಅದೇ ವಾರ ಕೋಚ್ ಸಾರ್ ಮನೆಗೆ ಬಂದರು. ಇನ್ನಷ್ಟು ಒಣಗಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು ಅತ್ತಿಗೆ ಕೊಟ್ಟ ಟೀಯನ್ನು ಆರಲು ಬಿಟ್ಟು ಹೇಳಿದರು.

"ದೊಡ್ಡ ಕೂಟಕ್ಕೆ ಇನ್ನು ಎರಡೇ ವರ್ಷ. ಶಿಬಿರ ಸೋಮವಾರ ಶುರು. ನಿನ್ನ ಹೆಸರು ಹೇಳಿದ್ದೀನಿ, ಒಪ್ಪಿದ್ದಾರೆ. ಒಂದು ರೆಪ್ಪೆ ಬಡಿಯೋವಷ್ಟು ಹೊತ್ತು ಬಾಕಿ ಉಳಿದಿದೆ ಕಣೆ ನಿನ್ನದು. ಅಷ್ಟೇ. ಬಂದು ಮುಗಿಸಿಕೊಂಡು ಹೋಗು."

"ಮಣಿಕಟ್ಟು ಸಾರ್..."

"ಪಟ್ಟಿ ಸುತ್ತೋಣ."

"ವಯಸ್ಸಾಯ್ತು ಸಾರ್."

"ಸಲಾಕೆ ಏನು ನಿನ್ನ ಜಾತಕ ಕೇಳುತ್ತಾ?"

ಅವರು ಹೋದ ಮೇಲೆ ಅಪ್ಪ ಟೀ ಲೋಟವನ್ನು ಒಳಗಿಟ್ಟು ಅಂಗಡಿಗೆ ನಡೆದರು. ಅಣ್ಣ, "ಹೋಗು. ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ" ಎಂದ. ಅತ್ತಿಗೆ ಬಟ್ಟೆ ಮಡಿಸುತ್ತ, "ಹೋಗೋದಾದ್ರೆ ಖುಷಿಯಿಂದ ಹೋಗು. ಆ ಕೆಂಪು ದೀಪಕ್ಕೆ ಹೆದರಿಕೊಂಡು ಹೋಗಬೇಡ" ಎಂದಳು. ಜಾಕಮ್ಮ ಹಳೆಯ ಚೀಲವನ್ನು ಅಟ್ಟದಿಂದ ಇಳಿಸಿದಳು. ಬೆಲ್ಟು, ಬೂಟು, ಮಣಿಕಟ್ಟಿನ ಪಟ್ಟಿ ಎಲ್ಲ ಇದ್ದವು. ಮೂಲೆಯಲ್ಲಿ ಅಂಗೈಗೆ ಬಳಿಯುವ ಬಿಳಿಯ ಪುಡಿ ಗಂಟು ಕಟ್ಟಿಕೊಂಡಿತ್ತು. ಬೆರಳಿಂದ ಪುಡಿಮಾಡಿ ಮೂಸಿದಳು. ಮೈ ಜುಮ್ಮೆಂದಿತು. ತಾನು ಹೋಗುವವಳೇ ಎಂದು ಆಗ ಅವಳಿಗೆ ಅನಿಸಿತು. ಆ ಒಂದು ರೆಪ್ಪೆಯ ಹೊತ್ತನ್ನು ತುಂಬಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅನಿಸಿತು.

ಸೋಮವಾರ ಬೆಳಿಗ್ಗೆ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೇಡಂಗೆ ಹೇಳಿ ಹೋಗೋಣವೆಂದು ಆಸ್ಪತ್ರೆಗೆ ಬಂದಳು. ಮಧ್ಯಾಹ್ನದ ಬಸ್ಸಿಗೆ ಹೊರಡುವುದಾಗಿ ಕೋಚ್ ಸಾರ್‌ಗೆ ತಿಳಿಸಿದ್ದಳು. ಮೇಡಂ ಇನ್ನೂ ಬಂದಿರಲಿಲ್ಲ. ಕಂಬಿಗಳ ನಡುವಿನ ಕುರ್ಚಿಯಲ್ಲಿ ಡ್ರೈವರಜ್ಜ ಒಬ್ಬರೇ ಕುಳಿತಿದ್ದರು.

"ಚೀಲ ಏನು? ಎಲ್ಲಿಗೆ ಪ್ರಯಾಣ?"

ಅವಳು ಹೇಳಿದಳು.

"ಹಾಗೋ! ಹೋಗು ಹೋಗು. ಎಲ್ಲರೂ ಇಳಿದು ಹೋಗೋರೇ. ಹೋಗೋ ಮುಂಚೆ ಒಂದು ಸಲ ಎತ್ತಿ ಆ ಗಾಲಿ ಕುರ್ಚೀಲಿ ಹಾಕು. ಇದರಲ್ಲಿ ಬೆನ್ನು ನೋಯುತ್ತೆ."

ಎತ್ತಿಬಿಡಬಹುದಿತ್ತು. ಮೇಡಂ ಇರಲಿಲ್ಲ, ನೋಡುವವರಿರಲಿಲ್ಲ. ಹೇಗೂ ಹೊರಟವಳು, ಸ್ಟ್ರೆಚರಿನ ಭಯವೂ ಇರಲಿಲ್ಲ. ಅವಳ ಕೈ ಆಗಲೇ ಮುಂದಕ್ಕೆ ಹೋಗಿತ್ತು. ಆ ಕೈಯನ್ನು ನೋಡಿದ ಕೂಡಲೇ ಡ್ರೈವರಜ್ಜ ಮಗುವಿನ ಹಾಗೆ ತಮ್ಮ ಎರಡೂ ತೋಳುಗಳನ್ನು ಮೇಲೆತ್ತಿಕೊಂಡರು. ಇಡೀ ಊರಿನ ರಸ್ತೆಗಳಲ್ಲಿ ಬಸ್ಸನ್ನು ತಿರುಗಿಸಿದ ತೋಳುಗಳು. ಅವನ್ನು ಹೀಗೆ ಎತ್ತಿಕೊಳ್ಳಲು ಕಲಿಸಿದವಳು ತಾನೇ ಎಂದು ಅವಳಿಗೆ ಹೊಳೆಯಿತು.

ಚೀಲವನ್ನು ಕೆಳಗಿಟ್ಟಳು. ಒಂದು ಸ್ಟೂಲನ್ನು ಎಳೆದು ಅವರ ಎದುರಿಗೆ ಹಾಕಿಕೊಂಡು ಕುಳಿತಳು. ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡಳು.

"ಇದೇನು ಹೊಸಾ ಆಟ?"

"ನನ್ನ ಕೈ ನನ್ನ ಮಾತು ಕೇಳಲ್ಲ ಅಜ್ಜಾ. ಅದಕ್ಕೇ ಅದರ ಮೇಲೆ ಕೂತಿದ್ದೀನಿ. ನೀವೇ ಏಳಬೇಕು."

"ಆಗಲ್ಲ ಅಂದ್ರೆ ಆಗಲ್ಲ. ಬಿದ್ದರೆ ಯಾರು ನೋಡೋರು?"

"ಬೀಳೋಕೆ ಬಿಡಲ್ಲ. ಬಿದ್ದರೆ ಹಿಡೀತೀನಿ. ಬೀಳೋ ಮುಂಚೆ ಮಾತ್ರ ಹಿಡಿಯಲ್ಲ."

"ಹೃದಯ ಅನ್ನೋದು ಇದೆಯೇನು ನಿನಗೆ?"

"ಇದೆ. ಅದೇ ಕೆಲಸ ಕೆಡಿಸಿದ್ದು." ಅವಳು ಮುಂದಕ್ಕೆ ಬಾಗಿ ಕೇಳಿದಳು. "ಅಜ್ಜಾ, ಕಂಡಕ್ಟರ್ ರೈಟ್ ಅನ್ನೋ ಮುಂಚೆ ಗಾಡಿ ಬಿಟ್ಟಿದ್ದೀರಾ ಯಾವತ್ತಾದ್ರೂ?"

"ಛೇ! ಎಲ್ಲಾದ್ರೂ ಉಂಟಾ? ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇರೋ ಜನ ಏನಾಗಬೇಕು?"

"ನಾನು ಬಿಟ್ಟಿದ್ದೀನಿ" ಎಂದು ಅವಳು ಆ ಯತ್ನದ ಕಥೆಯನ್ನು ಹೇಳಿದಳು. ಸಲಾಕೆ ಮೇಲೆ ನಿಂತದ್ದು, ಕಣ್ಣಂಚಿಗೆ ಒಂದು ಕೈ ಕೆಳಗೆ ಬಂದದ್ದು, ಕೆಂಪು ದೀಪ. ಯಾರ ಕೈ ಎಂಬುದನ್ನೂ ಹೇಳಿದಳು. ಯಾರಿಗೂ ಹೇಳದ ಮಾತು ಮೊದಲ ಸಲ ಬಾಯಿಂದ ಹೊರಗೆ ಬಂದದ್ದು ಆ ಮುದುಕರೆದುರು.

ಡ್ರೈವರಜ್ಜ ತೊಡೆಯ ಮೇಲಿನ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದರು. "ಬಸ್ಸಿನ ಹೊರಗೆ ನಿಂತ ಯಾರೋ ಒಬ್ಬರು ರೈಟ್ ಅಂದ್ರು ಅಂತ ಬಿಟ್ಟ ಹಾಗಾಯ್ತಲ್ಲಮ್ಮ" ಎಂದರು.

"ಹಾಗೇ ಆಯ್ತು."

"ಹೂಂ." ಅವರು ಕುರ್ಚಿಯ ಕೈಗಳನ್ನು ಹಿಡಿದರು. "ಸರಿ. ಏನು ಮಾಡಲಿ ಹೇಳು."

"ಪಾದ ಹಿಂದಕ್ಕೆ ತಗೊಳ್ಳಿ. ಇನ್ನೂ ಸ್ವಲ್ಪ. ಎದೆ ಮುಂದಕ್ಕೆ. ಮೂಗು ಮಂಡಿ ದಾಟಲಿ. ಈಗ ನೆಲವನ್ನ ತಳ್ಳಿ, ಕುರ್ಚೀನ ಅಲ್ಲ."

ಮೊದಲ ಸಲ ನಿತಂಬ ಒಂದು ಗೇಣು ಎದ್ದು ದೊಪ್ಪನೆ ಕುಳಿತಿತು. ಡ್ರೈವರಜ್ಜ ಆಸ್ಪತ್ರೆಯನ್ನೂ, ಮಳೆಯನ್ನೂ, ಮೆಟ್ಟಿಲು ಕಟ್ಟಿದ ಮೇಸ್ತ್ರಿಯ ವಂಶವನ್ನೂ ಸೇರಿಸಿ ಬೈದರು. ಎರಡನೆಯ ಸಲ ಮಂಡಿ ಗಡಗಡ ನಡುಗಿತು. ಜಾಕಮ್ಮ ತನ್ನ ಕೈಗಳ ಮೇಲೆ ಇನ್ನಷ್ಟು ಭಾರ ಬಿಟ್ಟು ಕುಳಿತಳು, ಬೆರಳು ಮರಗಟ್ಟಿದವು. ಮತ್ತೆ ಕುಸಿದರು. ಬೆವರು ಒರೆಸಿಕೊಂಡು, ಹೇಳುವವರಿಲ್ಲದೆ ತಾವೇ ಪಾದವನ್ನು ಹಿಂದಕ್ಕೆ ಎಳೆದುಕೊಂಡರು. ಈ ಸಲ ಎದ್ದರು. ಮುಖ ಕೆಂಪೇರಿ, ಬಾಯಿ ಸೊಟ್ಟಗಾಗಿ, ಆದರೂ ಎದ್ದು ನಿಂತರು. ಎದುರಿನ ಕನ್ನಡಿಯಲ್ಲಿ ತಮ್ಮನ್ನು ಕಂಡು, "ಅಯ್ಯೋ, ಇಷ್ಟು ಬಿಳಿ ಆಗಿದೆಯಾ ಗಡ್ಡ!" ಎಂದರು.

"ಕೂರಲಾ?"

"ಇನ್ನೂ ಇಲ್ಲ."

"ಕಾಲು ಉರೀತಿದೆ ಕಣೇ."

"ಗೊತ್ತು. ಅಲುಗಾಡ್ತಿದ್ದೀರಿ. ಉಸಿರು ಬಿಡಿ. ಸುತ್ತ ಯಾರು ಏನು ಮಾಡ್ತಿದ್ದಾರೆ ನೋಡಬೇಡಿ. ನನ್ನನ್ನೇ ನೋಡಿ."

ಮಂಡಿಯ ನಡುಕ ಮೆಲ್ಲನೆ ತಗ್ಗಿತು. ಭುಜ ಇಳಿಯಿತು. ಆ ಮುದಿ ದೇಹ ಒಂದು ಗಳಿಗೆ ಕಂಬಕ್ಕೆ ಸಮನಾಗಿ, ಯಾರ ಆಸರೆಯೂ ಇಲ್ಲದೆ ನಿಂತಿತು. ವೇದಿಕೆಯ ಮೇಲೆ ಸಲಾಕೆ ಹೊತ್ತು ತಾನು ನಿಲ್ಲುತ್ತಿದ್ದ ಆ ನಿಶ್ಚಲವಾದ ಗಳಿಗೆಯನ್ನು ಜಾಕಮ್ಮ ಮೊದಲ ಸಲ ಎದುರಿನಿಂದ ನೋಡಿದಳು. ಒಳಗಿನಿಂದ ಅದು ಬರೀ ನೋವಾಗಿತ್ತು. ಎದುರಿನಿಂದ ಎಷ್ಟು ಚೆಂದ!

"ರೈಟ್" ಎಂದಳು.

ಡ್ರೈವರಜ್ಜ ಕುಸಿಯಲಿಲ್ಲ, ಸದ್ದಾಗದಂತೆ ಇಳಿದು ಕುಳಿತರು. ಕಣ್ಣೊರೆಸಿಕೊಂಡು, "ಇನ್ನೊಂದು ಟ್ರಿಪ್ ಹೊಡೆಯೋಣ್ವಾ?" ಎಂದರು. ಬಾಗಿಲಲ್ಲಿ ಮೇಡಂ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಾರದೆ, ಬಾಗಿಲನ್ನು ಮೆಲ್ಲನೆ ಮುಂದಕ್ಕೆ ಎಳೆದುಕೊಂಡು ಹೋದರು.

ಮಧ್ಯಾಹ್ನದ ಬಸ್ಸು ಜಾಕಮ್ಮನಿಲ್ಲದೆ ಹೊರಟಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವಳು ಫೋನು ಮಾಡಿದಳು.

"ನಾನು ಬರಲ್ಲ ಸಾರ್."

ಕೋಚ್ ಸಾರ್ ಆಗಲೇ ಶಿಬಿರದಲ್ಲಿದ್ದರು. ಸಲಾಕೆಗಳು ನೆಲಕ್ಕೆ ಬೀಳುವ ಧಡಧಡ ಕೇಳುತ್ತಿತ್ತು. ಅವರು ಮಾತಾಡಿದಾಗ ದನಿ ಬೇರೆಯೇ ಆಗಿತ್ತು.

"ಅವತ್ತು ನಾನು ಕುಣಿದೆ ಕಣೆ. ಕೈ ಬೀಸಿದೆ. ನೀನು ನೋಡಿದೆ, ಅಲ್ವಾ?"

ಇಷ್ಟು ದಿನವೂ ಅವರಿಗೆ ಗೊತ್ತಿತ್ತು! ತನ್ನನ್ನು ಮತ್ತೆ ಕರೆದದ್ದು ಯಾರ ಬಾಕಿ ತೀರಿಸಲು ಎಂಬುದು ಅವಳಿಗೆ ಈಗ ತಿಳಿಯಿತು.

"ನೋಡಿದೆ ಸಾರ್. ಆದರೆ ಇಳಿಸಿದ್ದು ನಾನೇ. ಕಾಯಿ ಅಂತ ನೀವು ಹೇಳಿಕೊಟ್ಟಿದ್ರಿ, ನಾನು ಕಾಯಲಿಲ್ಲ. ನೀವು ಅದನ್ನ ಇನ್ನೂ ಹೊತ್ತುಕೊಂಡಿದ್ದೀರಾ? ಇಳಿಸಿಬಿಡಿ ಸಾರ್."

ಅವರು ಮೂಗು ಒರೆಸಿಕೊಂಡ ಸದ್ದಾಯಿತು. "ಮುದುಕರ ಮೊಣಕಾಲು ಒಳಕ್ಕೆ ವಾಲದ ಹಾಗೆ ನೋಡಿಕೋ" ಎಂದು ಹೇಳಿ ಫೋನಿಟ್ಟರು.

ಇದರಿಂದ ಎಲ್ಲ ನೋವೂ ಮಾಯವಾಯಿತೆಂದು ಬರೆದರೆ ಸುಳ್ಳು ಬರೆದ ಹಾಗಾದೀತು. ದೊಡ್ಡ ಕೂಟ ಬಂದಾಗ, ಅವಳ ತೂಕದ ವರ್ಗದ ಸ್ಪರ್ಧೆಯನ್ನು ಆಸ್ಪತ್ರೆಯ ಹಜಾರದ ಟಿ.ವಿ.ಯಲ್ಲಿ ಹಾಕಿದ್ದರು. ಊರುಗೋಲು, ಗಾಲಿ ಕುರ್ಚಿ, ಪಟ್ಟಿ ಕಟ್ಟಿದ ಕಾಲು ಎಲ್ಲ ಸಾಲಾಗಿ ಕುಳಿತಿದ್ದವು. ಜಾಕಮ್ಮ ಕಂಬಕ್ಕೊರಗಿ ಹಿಂದೆ ನಿಂತಿದ್ದಳು. ಪರದೆಯ ಮೇಲೆ ಅದೇ ಶೆಡ್ಡಿನ ಒಬ್ಬ ಹುಡುಗಿ, ಪಕ್ಕದಲ್ಲಿ ಕೋಚ್ ಸಾರ್. ಹುಡುಗಿ ಸಲಾಕೆಯನ್ನು ತಲೆಯ ಮೇಲೆ ನಿಲ್ಲಿಸಿದಳು. ಜಾಕಮ್ಮನ ತೋಳು ತಾನಾಗಿ ಬಿಗಿಯಿತು, ಅಂಗೈ ಬೆವೆತಿತು. ಆ ಭಾರ ತನ್ನದಾಗಿರಬಾರದಿತ್ತೇ ಎಂದು ಎದೆ ಹಿಂಡಿತು. ಹಜಾರದ ರೋಗಿಗಳೆಲ್ಲ ಒಂದೇ ದನಿಯಲ್ಲಿ ಕೂಗಿದರು: "ಇನ್ನೂ ಇಲ್ಲ! ಇನ್ನೂ ಇಲ್ಲ!" ತಮಗೆ ನಿತ್ಯವೂ ಹೇಳಿದ ಮಾತನ್ನೇ ಅವರು ಆ ಹುಡುಗಿಗೆ ಕೂಗಿ ಹೇಳುತ್ತಿದ್ದರು. ತಪಾಸಣೆಗೆಂದು ಬಂದಿದ್ದ ಡ್ರೈವರಜ್ಜ ಕೋಲನ್ನು ಮೇಲೆತ್ತಿ ಹಿಡಿದಿದ್ದರು. ತೀರ್ಪುಗಾರರ ಕೈ ಇಳಿದದ್ದೇ ತಡ, "ರೈಟ್!" ಎಂದು ಹಜಾರ ಹಾರಿಹೋಗುವ ಹಾಗೆ ಅರಚಿದರು. ಪರದೆಯ ಅಂಚಿನಲ್ಲಿ ಕೋಚ್ ಸಾರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು ನಿಂತಿದ್ದರು. ಅದನ್ನು ನೋಡಿ ಜಾಕಮ್ಮ ಅತ್ತಳೋ ನಕ್ಕಳೋ, ಪಕ್ಕದಲ್ಲಿದ್ದವರಿಗೂ ತಿಳಿಯಲಿಲ್ಲ.

ಈಗ ಅವಳು ಆ ಕೋಣೆಯ ಕಾಯಂ ಕೆಲಸದವಳು. ಸಂಜೆಯ ಪಾಠವನ್ನೂ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಸ್ಟೂಲು ಅವಳದೇ ಎಂದು ಎಲ್ಲರಿಗೂ ಗೊತ್ತು. ಬೇರೆ ಯಾರೂ ಅದರ ಮೇಲೆ ಕೂರುವುದಿಲ್ಲ. ಬಿಡುವಿದ್ದ ಭಾನುವಾರ ಶೆಡ್ಡಿಗೆ ಹೋಗಿ ಕೋಚ್ ಸಾರ್ ಜೊತೆ ಟೀ ಕುಡಿದು ಬರುತ್ತಾಳೆ. ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುವುದು ಇನ್ನೂ ತಪ್ಪಿಲ್ಲ.

ಮೊನ್ನೆ ಆ ಕೋಣೆಗೆ ಮಂಡಿ ಶಸ್ತ್ರಚಿಕಿತ್ಸೆಯಾದ ಹೊಸ ರೋಗಿಯೊಬ್ಬರು ಬಂದರು. ಹಳೆಯ ಶಾಲೆಯ ವ್ಯಾಕರಣದ ಮೇಷ್ಟರು. ಅವರು ಸಲಿಗೆಯಿಂದ ಕೈ ಚಾಚಿದರು. ಜಾಕಮ್ಮ ತನ್ನ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಸ್ಟೂಲಿನ ಮೇಲೆ ಕುಳಿತೇ ಇದ್ದಳು.

"ಏನಮ್ಮ, ಅವತ್ತು ನನ್ನ ಕನ್ನಡಕಕ್ಕಾಗಿ ಬೀರುನೇ ಎತ್ತಿದವಳು. ಇವತ್ತು ನನಗೊಂದು ಕೈ ಕೊಡಬಾರದಾ?"

"ಬೀರು ತಾನಾಗಿ ಏಳ್ತಿರಲಿಲ್ಲ ಸಾರ್. ನೀವು ಏಳ್ತೀರಿ. ಪಾದ ಹಿಂದಕ್ಕೆ ತಗೊಳ್ಳಿ."

ಮೇಷ್ಟರು ಗೊಣಗಿದರು, ನಡುಗಿದರು, ಎದ್ದರು. ಎದ್ದ ಕೂಡಲೇ, ಪಾಠ ಮುಗಿಸಿದವರ ಗತ್ತಿನಲ್ಲಿ ಕೂರಲು ಹೋದರು.

"ಇನ್ನೂ ರೈಟ್ ಅಂದಿಲ್ಲ ಸಾರ್" ಎಂದಳು ಜಾಕಮ್ಮ.